ಮೈಕ್ ಒಂದಿಂಚು ಸರಿಸಿ ನೋಡಿ

(ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡುವ ಗೆಳೆಯರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹಳ ಜನರ ದೂರು ಒಂದೇ. ಆಂಪ್ (ಗಿಟಾರ್ ದನಿಯನ್ನು ಜೋರು ಮಾಡಿ ಸ್ಪೀಕರ್‌ನಿಂದ ಹೊರಡಿಸುವ ಪೆಟ್ಟಿಗೆ) ಮುಂದೆ ನಿಂತು ನುಡಿಸುವಾಗ ಗಿಟಾರ್ ತುಂಬಿ ಬರುತ್ತದೆ, ಬೆಚ್ಚಗಿರುತ್ತದೆ. ಅದನ್ನೇ ರೆಕಾರ್ಡ್ ಮಾಡಿ ಕೇಳಿದರೆ ತೆಳ್ಳಗೆ, ಕಿರ್ ಅಂತ, ಕಿವಿಗೆ ಚುಚ್ಚುತ್ತದೆ. ಆಗ ಮೊದಲ ಅನುಮಾನ ಮೈಕ್ ಮೇಲೆ. ಆಮೇಲೆ ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್ ಮೇಲೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಈಕ್ಯೂ (ಮೇಲಿನ, ಕೆಳಗಿನ ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ತೆರೆದು ಅಲ್ಲಿ ಸ್ವಲ್ಪ ಇಳಿಸಿ, ಇಲ್ಲಿ ಸ್ವಲ್ಪ ಏರಿಸಿ, ರಾತ್ರಿ ಕಳೆಯುತ್ತದೆ.

ನಾನು ಹೇಳಲು ಬಂದಿರುವುದು ಇಷ್ಟೇ. ಯಾವುದನ್ನೂ ಕೊಳ್ಳುವ ಮೊದಲು, ಈಕ್ಯೂ ಮುಟ್ಟುವ ಮೊದಲು, ಮೈಕನ್ನು ಸರಿಸಿ. ಒಂದಿಂಚು ಸರಿಸಿದರೆ ಆಗುವ ಬದಲಾವಣೆಯನ್ನು ಆಮೇಲೆ ಈಕ್ಯೂನಲ್ಲಿ ತರಲು ಆಗುವುದಿಲ್ಲ. ಇದು ಯಾಕೆ ಹೀಗೆ ಅನ್ನುವುದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಅದಕ್ಕೇ ಕಾರಣದಿಂದಲೇ ಶುರು ಮಾಡುತ್ತೇನೆ.

ಸ್ಪೀಕರ್ ಎಲ್ಲ ದಿಕ್ಕಿಗೂ ಒಂದೇ ದನಿ ಕಳಿಸುವುದಿಲ್ಲ

ಗಿಟಾರ್ ಆಂಪ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ಇಂಚಿನ ಸ್ಪೀಕರ್. ಕಾಗದದ ಕೋನ್, ಅದರ ನಡುವೆ ಗುಮ್ಮಟದ ಹಾಗೆ ಉಬ್ಬಿದ ಡಸ್ಟ್ ಕ್ಯಾಪ್. ನಿಮ್ಮ ಮನೆಯ ಮ್ಯೂಸಿಕ್ ಸಿಸ್ಟಮ್‌ನಲ್ಲಿ ಇರುವಂಥ ಸಣ್ಣ ಟ್ವೀಟರ್ ಇದರಲ್ಲಿ ಇಲ್ಲ. ಮಂದ್ರದಿಂದ ಹಿಡಿದು ಕೀರಲು ದನಿಯವರೆಗೆ ಎಲ್ಲವನ್ನೂ ಆ ಒಂದೇ ಕೋನ್ ಹೊರಡಿಸಬೇಕು. 5 ಸಾವಿರ ಹರ್ಟ್ಸ್ (ಸೆಕೆಂಡಿಗೆ 5 ಸಾವಿರ ಕಂಪನ) ದಾಟಿದ ಮೇಲೆ ಅದರ ಶಕ್ತಿ ಬೇಗ ಇಳಿದುಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರ್ ದನಿ ಅಂತ ನಾವು ಗುರುತಿಸುವುದರಲ್ಲಿ ಈ ಇಳಿತದ ಪಾಲು ದೊಡ್ಡದು.

ಈಗ ಮುಖ್ಯ ಮಾತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗಿಟಾರ್‌ನ ದಪ್ಪ ಇ ತಂತಿ 82 ಹರ್ಟ್ಸ್. ಅದರ ಅಲೆಯ ಉದ್ದ 4 ಮೀಟರಿಗೂ ಜಾಸ್ತಿ. ಸ್ಪೀಕರ್ ಅಡ್ಡಳತೆ 30 ಸೆಂಟಿಮೀಟರ್. ಅಲೆ ಕೋನ್‌ಗಿಂತ ಅಷ್ಟು ದೊಡ್ಡದಿದ್ದಾಗ ಶಬ್ದ ಎಲ್ಲ ದಿಕ್ಕಿಗೂ ಹರಡುತ್ತದೆ. 1 ಸಾವಿರ ಹರ್ಟ್ಸ್‌ನಲ್ಲಿ ಅಲೆಯ ಉದ್ದ 34 ಸೆಂಟಿಮೀಟರ್, ಹೆಚ್ಚುಕಡಿಮೆ ಕೋನ್‌ನಷ್ಟೇ. 5 ಸಾವಿರಕ್ಕೆ ಬಂದರೆ ಬರೀ 7 ಸೆಂಟಿಮೀಟರ್. ಅಲೆ ಹೀಗೆ ಕೋನ್‌ಗಿಂತ ಚಿಕ್ಕದಾಗುತ್ತಾ ಹೋದಂತೆ ಶಬ್ದ ಅಗಲಕ್ಕೆ ಹರಡುವುದನ್ನು ಬಿಟ್ಟು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ.

ಈಗ ನೀವು ನಿಂತಿರುವ ಜಾಗ ನೆನಪು ಮಾಡಿಕೊಳ್ಳಿ. ಆಂಪ್ ನೆಲದ ಮೇಲಿದೆ. ನಿಮ್ಮ ಕಿವಿ ನೆಲದಿಂದ ಐದಡಿ ಮೇಲಿದೆ. ಟ್ರೆಬಲ್, ಅಂದರೆ ಮೇಲಿನ ಹರಿತ ದನಿ, ನಿಮ್ಮ ಮೊಣಕಾಲಿನ ಹತ್ತಿರ ಹಾದುಹೋಗುತ್ತಿದೆ. ಕಿವಿಗೆ ಬರುತ್ತಿರುವುದು ಪಕ್ಕಕ್ಕೆ ಹರಡಿದ ಮೆತ್ತಗಿನ ದನಿ, ಜೊತೆಗೆ ಗೋಡೆಗೆ ಬಡಿದು ಬಂದದ್ದು. ಅದು ಮಂಕಾಗಿದೆ ಅನ್ನಿಸಿ ಟ್ರೆಬಲ್ ನಾಬ್ ಏರಿಸುತ್ತೀರಿ, ಪ್ರೆಸೆನ್ಸ್ ಏರಿಸುತ್ತೀರಿ. ಆಮೇಲೆ ಮೈಕನ್ನು ತಂದು ಸ್ಪೀಕರ್‌ನ ನಟ್ಟನಡುವೆ, ಆ ಟಾರ್ಚ್ ಬೆಳಕು ನೇರ ಬೀಳುವ ಜಾಗಕ್ಕೇ ಇಡುತ್ತೀರಿ. ಮೈಕ್ ಸುಳ್ಳು ಹೇಳುತ್ತಿಲ್ಲ. ನೀವು ಕೇಳದ ಜಾಗದಲ್ಲಿ ನಿಂತು ಕೇಳುತ್ತಿದೆ, ಅಷ್ಟೆ.

ಹಾಗಾಗಿ ಮೊದಲ ಕೆಲಸ ಮೈಕ್ ಇಡುವುದಲ್ಲ, ನಿಮ್ಮ ಕಿವಿಯನ್ನು ಸ್ಪೀಕರ್ ಎತ್ತರಕ್ಕೆ ತರುವುದು. ಆಂಪನ್ನು ಗಟ್ಟಿಯಾದ ಕುರ್ಚಿಯ ಮೇಲೋ ಟೇಬಲ್ ಮೇಲೋ ಇಡಿ. ವಾಲ್ಯೂಮ್ ಸಣ್ಣದಾಗಿರಲಿ. ಜೋರಾಗಿರುವ ಸ್ಪೀಕರ್ ಹತ್ತಿರ ಕಿವಿ ಇಡಬೇಡಿ, ಹೋದ ಕಿವಿ ವಾಪಸ್ ಬರುವುದಿಲ್ಲ. ಎದುರಿಗೆ ಕೂತು ಇನ್ನೊಮ್ಮೆ ಟ್ರೆಬಲ್, ಮಿಡ್, ಬೇಸ್ ಹೊಂದಿಸಿ. ಬಹಳ ಜನ ಇಲ್ಲೇ ಟ್ರೆಬಲ್ ನಾಬನ್ನು ಎರಡು ಮೂರು ಗೆರೆ ಇಳಿಸುತ್ತಾರೆ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮೈಕ್ ಎಲ್ಲಿಡಬೇಕು

ಮೈಕ್ ಯಾವುದು ಅನ್ನುವುದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಅದರ ಬಗ್ಗೆ ಆಗಲೇ ಜಾಸ್ತಿ ಚರ್ಚೆ ನಡೆದಿದೆ. ಶೂರ್ ಎಸ್‌ಎಂ57 1965ರಲ್ಲಿ ಬಂತು. ಇವತ್ತಿಗೂ ಗಿಟಾರ್ ಆಂಪ್ ಮುಂದೆ ಅದೇ ನಿಲ್ಲುತ್ತದೆ. ಬೆಲೆ ಕಡಿಮೆ, ಎಷ್ಟು ಜೋರಾದ ಶಬ್ದವನ್ನೂ ತಡೆಯುತ್ತದೆ, 5–6 ಸಾವಿರ ಹರ್ಟ್ಸ್ ಸುತ್ತ ತಾನೇ ಸ್ವಲ್ಪ ಏರಿಸಿ ಕೊಡುತ್ತದೆ. ಆ ಏರಿಕೆಯಿಂದಲೇ ಗಿಟಾರ್ ಮಿಕ್ಸ್‌ನಲ್ಲಿ ಮುಂದೆ ಬಂದು ನಿಲ್ಲುತ್ತದೆ. ಸ್ಪೀಕರ್ ನಡುವಿಗೆ ಇಟ್ಟಾಗ ಚುಚ್ಚುವುದಕ್ಕೂ ಅದೇ ಒಂದು ಕಾರಣ. ಸೆನ್‌ಹೈಸರ್ ಎಂಡಿ421ರಲ್ಲಿ ಕೆಳಗಿನ ದನಿ ಇನ್ನಷ್ಟು ಸಿಗುತ್ತದೆ. ರಾಯರ್ ಆರ್‌121ರಂಥ ರಿಬ್ಬನ್ ಮೈಕ್ ಮೇಲಿನ ದನಿಯನ್ನು ಮೆತ್ತಗೆ ತೆಗೆದುಕೊಳ್ಳುತ್ತದೆ, ದುಬಾರಿ. ನಿಮ್ಮ ಹತ್ತಿರ ಎಸ್‌ಎಂ57ರಂಥ ಒಂದು ಸರಿಯಾದ ಡೈನಮಿಕ್ ಮೈಕ್ ಇದ್ದರೆ ಇವತ್ತು ನಾನು ಹೇಳುವುದನ್ನೆಲ್ಲ ಮಾಡಬಹುದು.

ಮೊಬೈಲ್ ಟಾರ್ಚ್ ಹಾಕಿ ಆಂಪ್‌ನ ಗ್ರಿಲ್ ಬಟ್ಟೆಯ ಮೂಲಕ ನೋಡಿ. ಡಸ್ಟ್ ಕ್ಯಾಪ್ ಎಲ್ಲಿದೆ, ಅದರ ಅಂಚು ಎಲ್ಲಿದೆ ಅನ್ನುವುದು ಕಾಣುತ್ತದೆ. ಹೊರಗಿನಿಂದ ಅಂದಾಜು ಮಾಡಬೇಡಿ. ಎಷ್ಟೋ ಆಂಪ್‌ಗಳಲ್ಲಿ ಸ್ಪೀಕರ್ ಪೆಟ್ಟಿಗೆಯ ನಡುವೆ ಇರುವುದೇ ಇಲ್ಲ. ಅಂಚಿನ ನೇರಕ್ಕೆ ಬಟ್ಟೆಯ ಮೇಲೆ ಒಂದು ಚೂರು ಟೇಪ್ ಅಂಟಿಸಿ.

ಆ ಅಂಚಿನಿಂದ ಶುರು ಮಾಡಿ. ಕ್ಯಾಪ್‌ನ ನಡುವೆ ಇಟ್ಟರೆ ದನಿ ಹೊಳಪಾಗಿ, ಹರಿತವಾಗಿ ಬರುತ್ತದೆ. ಕೋನ್‌ನ ಹೊರ ಅಂಚಿನ ಕಡೆ ಹೋದಷ್ಟೂ ದುಂಡಗೆ, ಮಂಕಾಗಿ ಬರುತ್ತದೆ. ಕ್ಯಾಪ್ ಮತ್ತು ಕೋನ್ ಸೇರುವ ಜಾಗದಲ್ಲಿ ಎರಡೂ ಇರುತ್ತವೆ. ಅಲ್ಲಿ ಅರ್ಧ ಇಂಚು ಆಚೀಚೆ ಸರಿಸಿದರೂ ಬೇರೆಯೇ ಗಿಟಾರ್ ಕೇಳಿಸುತ್ತದೆ. ಸಮಯ ಕೊಡಬೇಕಾದ ಜಾಗ ಅದು. ಅಲ್ಲಿ ಅರ್ಧ ಗಂಟೆ ಕಳೆದರೆ ದಂಡವಲ್ಲ.

ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಗಿಟಾರ್ ನುಡಿಸದೆ ಆಂಪ್‌ನ ಗೇನ್ (ಒಳಗೆ ಬರುವ ಸಿಗ್ನಲ್ ಎಷ್ಟು ಬಲವಾಗಬೇಕು ಅನ್ನುವ ನಾಬ್) ಏರಿಸಿ. ಸ್ ಅನ್ನುವ ಸದ್ದು ಬರುತ್ತದಲ್ಲ, ಅದನ್ನೇ ಕೇಳಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ನಿಧಾನವಾಗಿ ಕೋನ್ ಮುಂದೆ ಅಡ್ಡಕ್ಕೆ ಸರಿಸಿ. ಸ್ಪೀಕರ್ ನಡುವೆ ಬಂದಾಗ ಆ ಸದ್ದು ಹರಿತವಾಗುತ್ತದೆ, ಅಂಚಿಗೆ ಹೋದಾಗ ಮುಸುಕು ಹಾಕಿದಂತಾಗುತ್ತದೆ. ರಾಗ ಇಲ್ಲ, ಲಯ ಇಲ್ಲ, ಹಾಗಾಗಿ ಮನಸ್ಸು ಬೇರೆ ಕಡೆ ಹೋಗುವುದಿಲ್ಲ. ಬದಲಾವಣೆ ಮಾತ್ರ ಕೇಳುತ್ತದೆ. ಎರಡೂ ಕಡೆಯದು ಸಮನಾಗಿ ಇದೆ ಅನ್ನಿಸುವ ಜಾಗದಲ್ಲಿ ನಿಲ್ಲಿಸಿ. ಆಮೇಲೆ ಗೇನ್ ಇಳಿಸಿ, ನುಡಿಸಿ. ಜೊತೆಗೆ ತಮ್ಮನೋ ತಂಗಿಯೋ ಗೆಳೆಯನೋ ಇದ್ದರೆ ಇನ್ನೂ ಒಳ್ಳೆಯದು. ಒಬ್ಬರು ನುಡಿಸಲಿ, ಒಬ್ಬರು ಸರಿಸಲಿ.

ದೂರದ ವಿಷಯ. ಎಸ್‌ಎಂ57ರಂಥ ಕಾರ್ಡಿಯಾಯ್ಡ್ (ಮುಂದಿನಿಂದ ಬರುವ ಶಬ್ದವನ್ನೇ ಹೆಚ್ಚು ಹಿಡಿಯುವ) ಮೈಕ್‌ಗಳನ್ನು ಶಬ್ದದ ಮೂಲಕ್ಕೆ ತೀರಾ ಹತ್ತಿರ ಇಟ್ಟರೆ ಬೇಸ್ ಏರುತ್ತದೆ. ಗ್ರಿಲ್‌ಗೆ ಅಂಟಿಸಿ ಇಟ್ಟಾಗ ಬರುವ ಧಂ ಅನ್ನುವ ಭಾರ ಇದರದ್ದು. ಒಂದೆರಡು ಇಂಚು ಹಿಂದೆ ತಂದರೆ ಅದು ಸಡಿಲವಾಗುತ್ತದೆ. ಬೇಸ್ ಗಿಟಾರ್ ಮತ್ತು ಡ್ರಮ್ಸ್ ಜೊತೆ ಹಾಡಿನಲ್ಲಿ ಕೂರಬೇಕಾದ ಗಿಟಾರ್‌ಗೆ ಈ ಭಾರ ಅಡ್ಡಿ. ಒಂದೇ ಗಿಟಾರ್, ಒಂದೇ ಕಂಠ ಇರುವ ಹಾಡಾದರೆ ಅದೇ ಭಾರ ಬೇಕಾಗಬಹುದು.

ಮೈಕನ್ನು ಓರೆ ಮಾಡುವುದೂ ಒಂದು ಉಪಾಯ. ಜಾಗ ಬದಲಿಸದೆ ಸುಮಾರು 45 ಡಿಗ್ರಿ ಓರೆ ಮಾಡಿದರೆ ಮೇಲಿನ ದನಿ ಸ್ವಲ್ಪ ಮೆತ್ತಗಾಗುತ್ತದೆ. ಆದರೆ ಮೊದಲು ಜಾಗ, ಆಮೇಲೆ ಓರೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅನ್ನುವುದು ತಿಳಿಯುವುದಿಲ್ಲ.

ಗೇನ್ ಇಳಿಸಿ

ಇದನ್ನು ಹೇಳಿದರೆ ಮೆಟಲ್ ನುಡಿಸುವ ಹುಡುಗರಿಗೆ ಬೇಜಾರಾಗುತ್ತದೆ. ಆದರೂ ಹೇಳಲೇಬೇಕು. ರೂಮಿನಲ್ಲಿ ಸರಿ ಅನ್ನಿಸುವ ಗೇನ್ ರೆಕಾರ್ಡಿಂಗ್‌ಗೆ ಜಾಸ್ತಿಯಾಗುತ್ತದೆ. ಡಿಸ್ಟಾರ್ಶನ್ ಅಂದರೆ ಅಲೆಯ ತಲೆ ಕತ್ತರಿಸುವುದು. ಕತ್ತರಿಸಿದಷ್ಟೂ ಜೋರು ಮತ್ತು ಮೆಲು ನಡುವಿನ ಅಂತರ ಕಡಿಮೆಯಾಗುತ್ತದೆ, ಪಿಕ್ ತಂತಿಗೆ ತಾಗುವ ಏಟು ಮುಳುಗುತ್ತದೆ. ರಿಫ್‌ಗೆ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿಗೆ, ತಾಕತ್ತು ಬರುವುದು ಆ ಏಟಿನಿಂದ. ಗೇನನ್ನು ಕಾಲುಭಾಗ ಇಳಿಸಿ, ಬಲಗೈಯಿಂದ ಗಟ್ಟಿಯಾಗಿ ನುಡಿಸಿ. ರೂಮಿನಲ್ಲಿ ಸಪ್ಪೆ ಅನ್ನಿಸುತ್ತದೆ, ಟ್ರ್ಯಾಕ್‌ನಲ್ಲಿ ದೊಡ್ಡದಾಗಿ ಕೇಳಿಸುತ್ತದೆ.

ದಪ್ಪ ಬೇಕು ಅಂದರೆ ಅದೇ ಭಾಗವನ್ನು ಎರಡು ಸಲ ನುಡಿಸಿ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಒಂದೇ ಟೇಕ್ ಕಾಪಿ ಮಾಡಿ ಎರಡೂ ಕಡೆ ಹಾಕಿದರೆ ಪ್ರಯೋಜನವಿಲ್ಲ, ಅದು ನಡುವೆ ನಿಂತು ಸ್ವಲ್ಪ ಜೋರಾಗುತ್ತದೆ ಅಷ್ಟೆ. ಎರಡು ಸಲ ನುಡಿಸಿದಾಗ ಕೈಯಿಂದ ಆಗುವ ಕೂದಲೆಳೆಯ ವ್ಯತ್ಯಾಸವೇ ಅಗಲ ಕೊಡುವುದು.

ಕಿವಿ ಮೋಸ ಹೋಗುವ ಇನ್ನೊಂದು ಜಾಗ ವಾಲ್ಯೂಮ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರದ ದನಿ ಸರಿಯಾಗಿ ಕೇಳಿಸುವುದಿಲ್ಲ. ಜೋರಾದಂತೆ ಅದು ತುಂಬಿಕೊಳ್ಳುತ್ತದೆ. ಜೋರು ಆಂಪ್ ಮುಂದೆ ನಿಂತು ಕೇಳಿದ್ದನ್ನು ಸಣ್ಣ ಸ್ಪೀಕರ್‌ನಲ್ಲಿ ಮೆಲ್ಲಗೆ ಕೇಳಿ ಹೋಲಿಸಿದರೆ ತೆಳ್ಳಗಾಗಿಯೇ ಇರುತ್ತದೆ. ಅದಕ್ಕೇ ನಿಮಗೆ ಇಷ್ಟವಾದ ಯಾವುದಾದರೂ ರೆಕಾರ್ಡಿಂಗನ್ನು ಅದೇ ವಾಲ್ಯೂಮ್‌ನಲ್ಲಿ ಪಕ್ಕದಲ್ಲಿಟ್ಟು ಕೇಳಿ. ಆಗ ಮಾತ್ರ ನ್ಯಾಯವಾದ ಹೋಲಿಕೆ. ಒಳ್ಳೆಯ ಹಾಡುಗಳಲ್ಲಿನ ಗಿಟಾರ್‌ನಲ್ಲಿ ಬೇಸ್ ಎಷ್ಟು ಕಡಿಮೆ ಇದೆ ಅಂತ ಆಶ್ಚರ್ಯವಾಗುತ್ತದೆ.

1966ರ ಒಂದು ಆಂಪ್

ಈಗ ನನಗೆ ತುಂಬಾ ಇಷ್ಟವಾದ ಒಂದು ಘಟನೆ. 1966ರಲ್ಲಿ ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡ ಲಂಡನ್ನಿನ ಡೆಕ್ಕಾ ಸ್ಟುಡಿಯೋಗೆ ಹೋಯಿತು. ಗಿಟಾರ್ ಎರಿಕ್ ಕ್ಲ್ಯಾಪ್ಟನ್ ಅವರದ್ದು. ಕೈಯಲ್ಲಿ ಗಿಬ್ಸನ್ ಲೆಸ್ ಪಾಲ್, ಮುಂದೆ ಎರಡು 12 ಇಂಚಿನ ಸ್ಪೀಕರ್ ಇರುವ ಮಾರ್ಷಲ್ ಆಂಪ್. ಅದರ ಮಾಡೆಲ್ ನಂಬರ್ 1962, ಅದು ಇಸವಿಯಲ್ಲ. ಆ ಕಾಲದ ಸ್ಟುಡಿಯೋಗಳಲ್ಲಿ ಆಂಪನ್ನು ಮೆಲ್ಲಗೆ ಇಟ್ಟು ಮೈಕನ್ನು ಹತ್ತಿರ ಇಡುವುದು ಪದ್ಧತಿ. ಕ್ಲ್ಯಾಪ್ಟನ್ ಒಪ್ಪಲಿಲ್ಲ. ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆ, ಮೈಕನ್ನು ದೂರ ಇಡಿ ಎಂದರು. ಗಿಟಾರ್ ಶಬ್ದ ಉಳಿದ ವಾದ್ಯಗಳ ಮೈಕ್‌ಗೂ ಸೋರಿತು. ಆದರೆ ಆ ದನಿ ಕೇಳಿ ಒಂದು ತಲೆಮಾರಿನ ಗಿಟಾರ್ ವಾದಕರು ತಮ್ಮ ಆಂಪ್ ಬದಲಿಸಿದರು.

ಇದರಲ್ಲಿ ನಮಗಿರುವ ವಿಷಯ ಏನು? ಆ ಮಾರ್ಷಲ್‌ನಂಥ ವಾಲ್ವ್ ಆಂಪ್ (ಗಾಜಿನ ಕೊಳವೆಗಳಿಂದ ದನಿ ಹೆಚ್ಚಿಸುವಂಥದ್ದು) ಜೋರಾದಾಗ ಪವರ್ ವಾಲ್ವ್‌ಗಳೂ ಸ್ಪೀಕರ್ ಕೋನ್ ಕೂಡ ದುಡಿಯಲು ಶುರು ಮಾಡುತ್ತವೆ. ಆ ದನಿ ಆಂಪ್‌ನ ಮೊದಲ ಹಂತವಾದ ಪ್ರೀಆಂಪ್‌ನ ಗೇನ್ ನಾಬಿನಿಂದ ಬರುವಂಥದ್ದಲ್ಲ. ಆದರೆ ಜಯನಗರದ ಅಪಾರ್ಟ್‌ಮೆಂಟ್‌ನಲ್ಲಿ 30–40 ವಾಟ್ ವಾಲ್ವ್ ಆಂಪನ್ನು ಏರಿಸಲು ಆಗುವುದಿಲ್ಲ. ಅದಕ್ಕೆ ಉತ್ತರ ಸಣ್ಣ ಆಂಪ್. ಲೆಡ್ ಝೆಪ್ಪೆಲಿನ್ ತಂಡದ ಮೊದಲ ಆಲ್ಬಂ 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಅದರಲ್ಲಿ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಬಳಸಿದ್ದು ಸುಪ್ರೋ ಕಂಪನಿಯ ಒಂದು ಸಣ್ಣ ಆಂಪ್. ಕೇಳಿದರೆ ಆಳೆತ್ತರದ ಪೆಟ್ಟಿಗೆ ಇದ್ದಂತಿದೆ. ಪೇಜ್ ಹತ್ತಿರ ಒಂದು ಮೈಕ್ ಇಡುವುದರ ಜೊತೆ ದೂರದಲ್ಲೂ ಒಂದು ಇಟ್ಟು ರೂಮಿನ ಗಾಳಿಯನ್ನೂ ಹಿಡಿಯುತ್ತಿದ್ದರು. ಆಂಪ್ ಎಷ್ಟು ದೊಡ್ಡದು ಅನ್ನುವುದು ಮೈಕ್‌ಗೆ ಗೊತ್ತಾಗುವುದಿಲ್ಲ. 1 ವಾಟ್‌ನಿಂದ 5 ವಾಟ್‌ವರೆಗಿನ ಒಂದು ಸಣ್ಣ ವಾಲ್ವ್ ಆಂಪ್ ಸಿಕ್ಕರೆ ಬಿಡಬೇಡಿ. ಅದೂ ಪೂರ್ತಿ ಏರಿಸಿದರೆ ಜೋರೇ. ಹಗಲು ಹೊತ್ತು ನುಡಿಸಿ, ಪಕ್ಕದ ಮನೆಯವರಿಗೆ ಒಂದು ಮಾತು ಮೊದಲೇ ಹೇಳಿ.

ನೆಲ, ಗೋಡೆ, ಹಾಸಿಗೆ

ನಮ್ಮ ಮನೆಗಳ ರೂಮುಗಳು ಚಿಕ್ಕವು. ಟೈಲ್ಸ್ ನೆಲ, ಬರಿ ಗೋಡೆ. ಮೈಕ್ ಗ್ರಿಲ್‌ಗೆ ಒಂದಿಂಚು ದೂರದಲ್ಲಿ ಇರುವವರೆಗೆ ಇದರ ಚಿಂತೆ ಬೇಡ, ನೇರ ಬರುವ ಶಬ್ದದ ಮುಂದೆ ನೆಲದಿಂದ ಬಂದದ್ದು ಲೆಕ್ಕಕ್ಕೇ ಇಲ್ಲ. ಮೈಕನ್ನು ಹಿಂದೆ ತಂದಾಗ ಕಥೆ ಬೇರೆ. ಸ್ಪೀಕರ್ ನಡುಭಾಗ ನೆಲದಿಂದ 30 ಸೆಂಟಿಮೀಟರ್ ಮೇಲಿದೆ, ಮೈಕ್ ಅಷ್ಟೇ ಎತ್ತರದಲ್ಲಿ 30 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ನೆಲಕ್ಕೆ ಬಡಿದು ಬರುವ ಶಬ್ದ ಸುಮಾರು 67 ಸೆಂಟಿಮೀಟರ್ ನಡೆದು ಬರುತ್ತದೆ. 37 ಸೆಂಟಿಮೀಟರ್ ಹೆಚ್ಚು. ಅಂದರೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ತಡ. ಇದರಿಂದ 460 ಹರ್ಟ್ಸ್ ಸುತ್ತ ಒಂದು ತಗ್ಗು ಬೀಳುತ್ತದೆ. ಗಿಟಾರ್‌ನ ಮೈ ಇರುವುದೇ ಅಲ್ಲಿ. ಆಂಪ್ ಮತ್ತು ಮೈಕ್ ನಡುವೆ ನೆಲಕ್ಕೆ ದಪ್ಪ ಕಂಬಳಿ ಹಾಸಿ, ಆಂಪನ್ನು ಎತ್ತರಿಸಿ. ಹಿಂದಿನ ಗೋಡೆಗೆ ಹತ್ತಿಯ ಹಾಸಿಗೆಯೊಂದನ್ನು ನಿಲ್ಲಿಸಿ. ಅದರ ಹೀರುವ ಶಕ್ತಿ ಅಂಗಡಿಯಲ್ಲಿ ಸಿಗುವ ತೆಳು ಫೋಮ್‌ಗಿಂತ ಜಾಸ್ತಿ. ಹಾಸಿಗೆ ಎಲ್ಲರ ಮನೆಯಲ್ಲೂ ಇದೆ ಅಲ್ವಾ? ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಎರಡು ಮೈಕ್ ಇಟ್ಟರೆ

ಎರಡು ಮೈಕ್ ಅಂದರೆ ಎರಡು ಪಟ್ಟು ಚೆನ್ನ ಅನ್ನುವ ನಂಬಿಕೆ ಇದೆ. ಜಾಗ ತಪ್ಪಿದರೆ ಒಂದಕ್ಕಿಂತಲೂ ಕೆಟ್ಟದಾಗುತ್ತದೆ. ಒಂದು ಮೈಕ್ ಗ್ರಿಲ್ ಹತ್ತಿರ, ಇನ್ನೊಂದು ಅದಕ್ಕಿಂತ 34 ಸೆಂಟಿಮೀಟರ್ ಹಿಂದೆ ಇದ್ದರೆ ಎರಡನೆಯದಕ್ಕೆ ಶಬ್ದ ಒಂದು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡನ್ನೂ ಸಮನಾಗಿ ಕೂಡಿಸಿದಾಗ 500, 1500, 2500 ಹರ್ಟ್ಸ್‌ಗಳಲ್ಲಿ ಒಂದು ಅಲೆ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ. ಒಂದನ್ನೊಂದು ಅಳಿಸುತ್ತವೆ. ದನಿ ಟೊಳ್ಳಾಗುತ್ತದೆ. ಈಕ್ಯೂನಲ್ಲಿ ಎಷ್ಟು ಏರಿಸಿದರೂ ಅಲ್ಲಿ ಏರಿಸಲು ಏನೂ ಉಳಿದಿರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಒಂದು ಟ್ರ್ಯಾಕ್‌ನ ಪೋಲಾರಿಟಿಯನ್ನು, ಅಂದರೆ ಅಲೆಯ ಮೇಲು ಕೆಳಗನ್ನು, ಉಲ್ಟಾ ಮಾಡಿ. ಸಾಫ್ಟ್‌ವೇರ್‌ನಲ್ಲಿ ಸೊನ್ನೆಯ ಮೇಲೆ ಓರೆ ಗೆರೆ ಎಳೆದಂಥ ಗುರುತು ಇರುತ್ತದೆ. ಈಗ ಎರಡನ್ನೂ ಸಮ ಮಟ್ಟದಲ್ಲಿಟ್ಟು ಕೇಳುತ್ತಾ ಒಂದು ಮೈಕನ್ನು ಸ್ವಲ್ಪ ಸ್ವಲ್ಪ ಸರಿಸಿ. ಗಿಟಾರ್ ಎಲ್ಲಿ ಅತೀ ತೆಳ್ಳಗೆ, ಸತ್ತ ಹಾಗೆ ಕೇಳಿಸುತ್ತದೋ ಅಲ್ಲಿ ನಿಲ್ಲಿಸಿ. ಪೋಲಾರಿಟಿಯನ್ನು ಮತ್ತೆ ಮೊದಲಿನಂತೆ ಮಾಡಿ. ಈಗ ಅದೇ ಜಾಗದಲ್ಲಿ ಗಿಟಾರ್ ಅತೀ ತುಂಬಿ ಬರುತ್ತದೆ.

ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಸ್ಟುಡಿಯೋ ಫ್ರೆಡ್‌ಮನ್ ಇದೆ. ಅಲ್ಲಿನ ರೆಕಾರ್ಡಿಂಗ್ ನಿರ್ಮಾಪಕ ಫ್ರೆಡ್ರಿಕ್ ನಾರ್ಡ್‌ಸ್ಟ್ರೋಮ್ ಮಾಡುವ ಒಂದು ವಿಧಾನಕ್ಕೆ ಆ ಸ್ಟುಡಿಯೋದ ಹೆಸರೇ ಬಂದಿದೆ. ಎರಡು ಎಸ್‌ಎಂ57. ಒಂದು ನೇರ, ಇನ್ನೊಂದು ಓರೆ. ಎರಡರ ಮೂತಿಯೂ ಪಕ್ಕಪಕ್ಕದಲ್ಲಿ, ಸ್ಪೀಕರ್‌ನಿಂದ ಒಂದೇ ದೂರದಲ್ಲಿ. ದೂರ ಒಂದೇ ಆಗಿರುವುದರಿಂದ ಶಬ್ದ ಒಂದೇ ಹೊತ್ತಿಗೆ ತಲುಪುತ್ತದೆ, ಅಳಿಸುವ ಪ್ರಶ್ನೆ ಕಡಿಮೆ. ನೇರ ಮೈಕ್ ಹರಿತ ಕೊಡುತ್ತದೆ, ಓರೆ ಮೈಕ್ ಮೈ ಕೊಡುತ್ತದೆ. ಈಕ್ಯೂ ಮುಟ್ಟದೆ ಎರಡು ಮೈಕ್‌ಗಳ ಮಟ್ಟ ಏರಿಳಿಸುವ ಫೇಡರ್‌ಗಳಲ್ಲೇ ದನಿ ಹೊಂದಿಸಬಹುದು.

ಪ್ರಶ್ನೆಗಳು

ರೆಕಾರ್ಡಿಂಗ್‌ನಲ್ಲಿ ಹಮ್ (ಕರೆಂಟಿನ ಗುಂಯ್ ಅನ್ನುವ ಸದ್ದು) ಬರುತ್ತದೆ, ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ನಿಲ್ಲುತ್ತದೆ, ಹಾಗೆ ಮಾಡಬಹುದಾ ಅಂತ ಒಬ್ಬರು ಕೇಳಿದರು.

ಬೇಡ. ದಯವಿಟ್ಟು ಬೇಡ. ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೇ ತೀರಿಕೊಂಡರು. ಅರ್ಥಿಂಗ್ ಸರಿ ಇಲ್ಲದ ಮೈಕ್ ಮುಟ್ಟಿದಾಗ ಕರೆಂಟ್ ಹೊಡೆಯಿತು. ಗಿಟಾರ್ ತಂತಿ ಹಿಡಿದ ಕೈ ಆಂಪ್‌ಗೆ ಸೇರಿರುತ್ತದೆ, ಇನ್ನೊಂದು ಕೈ ಮೈಕ್ ಸರಿಸುತ್ತಿರುತ್ತದೆ. ನಮ್ಮ ಮನೆಗೆ ಬರುವುದು 230 ವೋಲ್ಟ್. ಹಳೇ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಆಂಪ್, ಇಂಟರ್‌ಫೇಸ್, ಕಂಪ್ಯೂಟರ್ ಎಲ್ಲಕ್ಕೂ ಒಂದೇ ಸಾಕೆಟ್‌ನಿಂದ ಕರೆಂಟ್ ಕೊಟ್ಟರೆ ಎಷ್ಟೋ ಸಲ ಹಮ್ ಅಲ್ಲಿಗೇ ನಿಲ್ಲುತ್ತದೆ. ಗಿಟಾರ್‌ನ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆದರೆ 50 ಹರ್ಟ್ಸ್ ಹಮ್ ಗಾಳಿಯಿಂದಲೇ ಬರುತ್ತದೆ. ಚಾರ್ಜರ್, ಫ್ಯಾನ್ ರೆಗ್ಯುಲೇಟರ್‌ನಿಂದ ದೂರ ಕೂರಿ. ಕೂತಲ್ಲೇ ಗಿಟಾರನ್ನು ನಿಧಾನವಾಗಿ ತಿರುಗಿಸಿ. ಒಂದು ದಿಕ್ಕಿನಲ್ಲಿ ಹಮ್ ಬಹಳ ಇಳಿಯುತ್ತದೆ. ಆ ಕಡೆ ಮುಖ ಮಾಡಿ ನುಡಿಸಿ.

ಲೆವೆಲ್ ಎಷ್ಟಿರಬೇಕು ಅಂತ ಇನ್ನೊಂದು ಪ್ರಶ್ನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಾದ ಏಟು ಮೈನಸ್ 10 ಡಿಬಿ ಸುತ್ತ ನಿಲ್ಲಲಿ. ಕೆಂಪು ದೀಪದವರೆಗೆ ತಳ್ಳಿದರೆ ಸಿಗುವುದು ಏನೂ ಇಲ್ಲ.

ಕೊನೆಗೆ ಒಬ್ಬಳು ಹುಡುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ. "ಸರ್, ನಾನು ಹಾಸ್ಟೆಲ್‌ನಲ್ಲಿ ಇದ್ದೀನಿ. ಆಂಪ್ ಇಡೋಕೆ ಆಗಲ್ಲ. ಪ್ಲಗಿನ್ ಬಳಸ್ತೀನಿ. ಇದೆಲ್ಲ ನನಗೆ ಯಾಕೆ ಬೇಕು?"

ಬೇಕಮ್ಮ. ಆಂಪನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಆ ಪ್ಲಗಿನ್‌ನಲ್ಲಿ ನೀನು ಬಳಸುವ ಕ್ಯಾಬಿನೆಟ್ ಇಂಪಲ್ಸ್ ಫೈಲ್ ಅಂದರೆ ಯಾರೋ ಒಬ್ಬರು ನಿಜವಾದ ಸ್ಪೀಕರ್ ಮುಂದೆ ನಿಜವಾದ ಮೈಕ್ ಇಟ್ಟು ಹಿಡಿದಿಟ್ಟದ್ದು. ಅದರ ಹೆಸರಲ್ಲೇ ಇರುತ್ತದೆ ನೋಡು, 57, ಕ್ಯಾಪ್ ಎಡ್ಜ್, ಒಂದಿಂಚು ಅಂತ. ನೂರು ಫೈಲ್ ಒಂದೊಂದಾಗಿ ಹಾಕಿ ನೋಡುವ ಬದಲು ಏನು ಬೇಕು ಅಂತ ಮೊದಲು ಕೇಳಿಸಿಕೊ. ಚುಚ್ಚುತ್ತಿದ್ದರೆ ಕ್ಯಾಪ್‌ನಿಂದ ಹೊರಗಡೆ ಇಟ್ಟದ್ದನ್ನು ಹಾಕು. ಬೇಸ್ ಜಾಸ್ತಿ ಅನ್ನಿಸಿದರೆ ಇನ್ನೆರಡು ಇಂಚು ದೂರದ್ದನ್ನು ಹಾಕು. ಕೆಲವು ಪ್ಲಗಿನ್‌ಗಳಲ್ಲಿ ಸ್ಪೀಕರ್ ಚಿತ್ರದ ಮುಂದೆ ಮೈಕನ್ನು ಮೌಸ್‌ನಿಂದ ಎಳೆಯಬಹುದು. ಅಲ್ಲೂ ಕ್ಯಾಪ್‌ನ ಅಂಚಿನಿಂದಲೇ ಶುರು ಮಾಡು. ಗೇನ್ ಮಾತ್ರ ಇಲ್ಲೂ ಇಳಿಸಲೇಬೇಕು.